ಮರದ ತೊಟ್ಟಿಲಿನ ಮುಪ್ಪು

ಸಂಕ್ರಾಂತಿಯ ಆಸುಪಾಸಿನಲ್ಲಿ ಕೃಷ್ಣರಾಜನಗರದ ಕಡೆಯಿಂದ ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಹಳ್ಳಿಕಾರ್ ಜೋಡಿಗಳ ಕೊಂಬುಗಳು; ಆಮೇಲೆ ಆ ಕೊಂಬುಗಳಾಚೆ ಆಕಾಶಕ್ಕೆ ಒರಗಿಕೊಂಡಂತೆ ನಿಂತ ಕಬ್ಬಿಣದ ದೊಡ್ಡ ಚಕ್ರ. ಅದಕ್ಕೆ ಬಣ್ಣಬಣ್ಣದ ದೀಪಗಳುಂಟು, ಕೆಳಗೆ ಗುಡುಗುವ ಜನರೇಟರ್ ಉಂಟು. ಇಲ್ಲಿಯ ಕೋದಂಡರಾಮನ ಗರ್ಭಗುಡಿಯಲ್ಲಿ ನಿಂತರೆ ಪಕ್ಕದಲ್ಲೇ ಧುಮುಕುವ ಕಾವೇರಿಯ ಸದ್ದು ಕೇಳಿಸುವುದಿಲ್ಲವೆಂದು ಹಳೆಯ ಪ್ರತೀತಿ. ಹೊಳೆಯ ಸದ್ದಿನ ಮಾತು ಹಾಗಿರಲಿ, ಜನರೇಟರಿನ ಸದ್ದು ಅಲ್ಲಿಗೂ ನುಗ್ಗುತ್ತದೆಯೋ ಏನೋ. ನಾನು ಪರೀಕ್ಷಿಸಲು ಹೋಗಲಿಲ್ಲ. ಏಕೆಂದರೆ ನಾನು ಹುಡುಕುತ್ತಿದ್ದುದು ಬೇರೊಂದು ಸದ್ದನ್ನು.

ನನ್ನ ಬಾಲ್ಯದ ಜಾತ್ರೆಗಳಲ್ಲಿ ಆ ಸದ್ದು ಅರ್ಧ ಮೈಲಿ ದೂರಕ್ಕೇ ಕೇಳಿಸುತ್ತಿತ್ತು. ಅದು ಮರದ ರಾಟೆ ತೊಟ್ಟಿಲಿನ ನರಳಾಟ. ನೆಲದಲ್ಲಿ ಹೂತ ಎರಡು ಜೊತೆ ಕಂಬ, ಅವುಗಳ ನೆತ್ತಿಯ ಮೇಲೆ ಅಡ್ಡಲಾಗಿ ಒಂದು ಅಚ್ಚು, ಅಚ್ಚಿಗೆ ಶಿಲುಬೆಯಂತೆ ಕೂಡಿಸಿದ ತೋಳುಗಳು, ತೋಳುಗಳ ತುದಿಗೆ ತೂಗುವ ನಾಲ್ಕು ಪೆಟ್ಟಿಗೆ. ಇಷ್ಟೇ ಅದರ ವೈಭವ. ಯಂತ್ರವೆಂಬುದಿಲ್ಲ. ಕೆಳಗೆ ಬಂದ ಪೆಟ್ಟಿಗೆಯನ್ನು ಒಬ್ಬ ಆಳು ಹಿಡಿದು ಮುಂದಕ್ಕೆ ತಳ್ಳುವನು. ವೇಗ ಸಾಲದೆ ಹೋದರೆ ಇನ್ನೊಬ್ಬನು ಚೌಕಟ್ಟಿನ ಮೇಲೆಯೇ ಹತ್ತಿ, ಇಳಿಯುವ ತೋಳಿಗೆ ಜೋತುಬಿದ್ದು, ತನ್ನ ಮೈತೂಕವನ್ನೇ ಅದಕ್ಕೆ ಇಂಧನವಾಗಿ ಕೊಡುವನು. ನೆತ್ತಿಗೆ ಏರಿದಾಗ ಊರೆಲ್ಲ ಅಂಗೈಯಷ್ಟು. ಇಳಿಯುವಾಗ ಹೊಟ್ಟೆಯೊಳಗಿನದು ಬಾಯಿಗೆ. ಆ ಕುಲುಕಾಟ, ಆ ಕಿರ್ರೆನ್ನುವ ಕೂಗು, ಈಗ ಮುರಿಯಿತು ಎನ್ನುವ ಭಯ, ಮುರಿಯಲಿಲ್ಲವಲ್ಲಾ ಎನ್ನುವ ನಗು, ಇವೆಲ್ಲ ಸೇರಿಯೇ ನಮ್ಮ ಕಾಸಿಗೆ ಸಿಗುತ್ತಿದ್ದ ಸರಕು.

ಈ ಸಲ ಕಬ್ಬಿಣದ ಚಕ್ರದ ಬುಡದಲ್ಲಿ ಬೋಲ್ಟು ಬಿಗಿಮಾಡುತ್ತಿದ್ದ ವೃದ್ಧರೊಬ್ಬರನ್ನು ಮಾತನಾಡಿಸಿದೆ. ಪ್ರಾಯದಲ್ಲಿ ಮರದ ತೊಟ್ಟಿಲು ತಳ್ಳಿದವರಂತೆ. ಈಗ ಬೇರೆಯವರ ಚಕ್ರಕ್ಕೆ ಕೂಲಿ. ಮರಕ್ಕಿಂತ ಕಬ್ಬಿಣ ಗಟ್ಟಿಯಲ್ಲವೆ ಯಜಮಾನರೇ, ಎಂದೆ. ಅವರು ತಲೆಯೆತ್ತದೆಯೇ ಹೇಳಿದರು: “ಗಟ್ಟಿಯೇನೋ ಗಟ್ಟೀನೇ ಸ್ವಾಮಿ. ಆದ್ರೆ ಮರ ಮುರಿಯೋ ಮುಂಚೆ ಕೂಗ್ತದೆ. ಕಬ್ಬಿಣ ಹೇಳ್ದೆ ಕೇಳ್ದೆ ಹೋಗ್ತದೆ.”

ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಮರಕ್ಕೆ ಜೀವ ಹೋದಮೇಲೂ ಸ್ವಭಾವ ಹೋಗುವುದಿಲ್ಲ. ಮುಂಗಾರಿನಲ್ಲಿ ನೀರು ಕುಡಿದು ಉಬ್ಬುತ್ತದೆ; ಮಾಘದ ಒಣಹವೆಗೆ ಕುಗ್ಗುತ್ತದೆ; ಕುಗ್ಗಿದಾಗ ಬೆಣೆ ಸಡಿಲವಾಗುತ್ತದೆ, ಮೊಳೆಯ ತೂತು ಅಗಲವಾಗುತ್ತದೆ, ಕೂಡುಗಳು ಒಂದನ್ನೊಂದು ಉಜ್ಜಿ ಕೂಗುತ್ತವೆ. ನಮ್ಮ ಕಡೆಯ ಬಡಗಿಗಳಿಗೆ ಇದು ಪುಸ್ತಕದ ವಿದ್ಯೆಯಲ್ಲ. ಹೆಗ್ಗಡದೇವನಕೋಟೆಯ ಕಾಡುಗಳಲ್ಲಿ ತೇಗ, ಹೊನ್ನೆ, ಮತ್ತಿ. ಹೊಲದ ಬದುವಿನಲ್ಲಿ ಜಾಲಿ. ಹಿಂದೆ ಅಮೃತಮಹಲ್ ದನಗಳ ಕಾರಖಾನೆಗೆ ಕೇಂದ್ರವಾಗಿದ್ದ ಹುಣಸೂರು ಮರದ ವ್ಯಾಪಾರಕ್ಕೂ ಹೆಸರಾದ ಊರು. ಗಾಡಿಯ ಗಾಲಿ ಮಾಡುವವನು ಯಾವ ಮರ ಯಾವ ಭಾಗಕ್ಕೆ ಒಗ್ಗುತ್ತದೆಂಬುದನ್ನು ಬೆರಳಿನಿಂದ ತಟ್ಟಿಯೇ ಹೇಳುತ್ತಿದ್ದ. ರಾಟೆ ತೊಟ್ಟಿಲೂ ಅದೇ ಕೈಗಳ ಕೂಸು. ಗಾಡಿಯ ಗಾಲಿಯನ್ನೇ ದೊಡ್ಡದು ಮಾಡಿ, ನಡುನಡುವಿನ ಅರಗಳನ್ನು ಕಿತ್ತು, ಎತ್ತಿ ನಿಲ್ಲಿಸಿದಂತೆ ಅದರ ರೂಪ.

ಮರದ ಈ ಮುಪ್ಪಿನ ಪ್ರಶ್ನೆ ನಮ್ಮ ನಾಲ್ಕು ತಾಲ್ಲೂಕುಗಳ ಜಾತ್ರೆಯ ಬಯಲಿಗಷ್ಟೇ ಸೇರಿದ್ದಲ್ಲ. ಅಮೆರಿಕದಲ್ಲಿ ರೋಲರ್ ಕೋಸ್ಟರ್ ಎಂಬುದೊಂದಿದೆ: ಎತ್ತರದ ಅಟ್ಟಣೆಯ ಮೇಲೆ ಏರಿಳಿಯುವ ಹಳಿ, ಅದರ ಮೇಲೆ ಸರಪಳಿಯಿಂದ ಒಮ್ಮೆ ನೆತ್ತಿಗೆ ಎಳೆದು ಬಿಟ್ಟರೆ ಆಮೇಲೆ ತನ್ನ ಭಾರದಿಂದಲೇ ಓಡುವ ಗಾಡಿಗಳ ಸಾಲು. ರಷ್ಯದಲ್ಲಿ ಚಳಿಗಾಲದ ಹಿಮದ ದಿಬ್ಬಗಳಿಂದ ಜಾರುತ್ತಿದ್ದ ಆಟ ಇದರ ಮೂಲ. ಲಾಮಾರ್ಕಸ್ ಥಾಂಪ್ಸನ್ ಎಂಬಾತ 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನ ಕಡಲತೀರದಲ್ಲಿ ಗಂಟೆಗೆ ಆರೇ ಮೈಲಿ ಓಡುವ ಇಂಥದೊಂದನ್ನು ಕಟ್ಟಿದ. ಸವಾರಿಗೆ ಐದು ಸೆಂಟು. ಗಾಡಿ ಹಳಿಯಿಂದ ಮೇಲೇಳದಂತೆ ಹಳಿಯ ಅಡಿಯಲ್ಲೂ ಚಕ್ರವಿರಿಸುವ ಉಪಾಯಕ್ಕೆ ಜಾನ್ ಮಿಲ್ಲರ್ 1919ರಲ್ಲಿ ಪೇಟೆಂಟು ಪಡೆದ ಮೇಲೆ ಇಳಿಜಾರುಗಳು ಕಡಿದಾದವು, ವೇಗ ಏರಿತು. ಮುಂದೆ 1930ರ ದಶಕದ ಆರ್ಥಿಕ ಕುಸಿತದಲ್ಲಿ ಇವುಗಳ ಪೈಕಿ ಎಷ್ಟೋ ಸೌದೆಯಾದವು.

ಹಳಿಯೆಂದರೆ ನಾವು ರೈಲಿನ ಹಳಿಯನ್ನು ನೆನೆಯಬಾರದು. ಇಲ್ಲಿ ಹಲಗೆಯ ಮೇಲೆ ಹಲಗೆ ಜೋಡಿಸಿ, ಎಲ್ಲಕ್ಕೂ ಮೇಲೆ ಉಕ್ಕಿನ ತೆಳು ಪಟ್ಟಿಯನ್ನು ಹೊದಿಸಿರುತ್ತಾರೆ. ದಿನವೂ ನೂರಾರು ಸಲ ಟನ್ನುಗಟ್ಟಲೆ ಭಾರ ಒಂದೇ ತಿರುವಿನಲ್ಲಿ ಒಂದೇ ಕಡೆಗೆ ಒದ್ದರೆ ಹಲಗೆ ಜಗ್ಗದೆ ಏನು ಮಾಡೀತು? ಬಿಸಿಲಿಗೆ ಕುಗ್ಗಿ, ಮಳೆಗೆ ಉಬ್ಬಿ, ಮೊಳೆ ಸಡಿಲವಾಗಿ, ಗಾಡಿ ಕಲ್ಲುದಾರಿಯ ಎತ್ತಿನಗಾಡಿಯಂತೆ ಕುಲುಕತೊಡಗುತ್ತದೆ. ಹಳಬರು ಆ ಕುಲುಕಾಟವೇ ಸವಾರಿಯ ರುಚಿಯೆನ್ನುತ್ತಾರೆ. ಹೊಸಬರು ಕತ್ತು ನೋಯಿತೆಂದು ಎದ್ದುಹೋಗುತ್ತಾರೆ. ಮಾಲೀಕರ ಮುಂದೆ ಆಗ ಮೂರು ದಾರಿಗಳು: ಕೆಡಹುವುದು, ಹಲಗೆಗಳನ್ನು ತುಂಡುತುಂಡಾಗಿ ಬದಲಿಸುತ್ತ ಹೋಗುವುದು, ಇಲ್ಲವೆ ಮರದ ಅಟ್ಟಣೆಯನ್ನು ಉಳಿಸಿಕೊಂಡು ಅದರ ಮೇಲೆ ಉಕ್ಕಿನ ಹಳಿ ಹಾಸುವುದು. ಟೆಕ್ಸಾಸಿನಲ್ಲಿ 1990ರಲ್ಲಿ ಕಟ್ಟಿದ್ದ ಟೆಕ್ಸಾಸ್ ಜೈಂಟ್ 2011ರಲ್ಲಿ ಈ ಮೂರನೆಯ ದಾರಿ ಹಿಡಿಯಿತು. ಓಹಾಯೊದ ಮೀನ್ ಸ್ಟ್ರೀಕ್ 2018ರಲ್ಲಿ ಹೀಗೆಯೇ ಹೊಸ ಹೆಸರಿನಿಂದ ಮತ್ತೆ ಹುಟ್ಟಿತು.

ಹಾಗಾದರೆ ಉಕ್ಕು ಹಾಸಿದರೆ ತೀರಿತೆ? 2000ದಲ್ಲಿ ಓಹಾಯೊದಲ್ಲಿ 218 ಅಡಿ ಎತ್ತರದ ಸನ್ ಆಫ್ ಬೀಸ್ಟ್ ಎಂಬ ಮರದ ರೋಲರ್ ಕೋಸ್ಟರ್ ಎದ್ದಿತು. 2006ರಲ್ಲಿ ಅದರ ಒಂದು ಮರ ಸೀಳಿ ಹಳಿ ಜಗ್ಗಿತು. 27 ಜನರಿಗೆ ಪೆಟ್ಟಾಯಿತು. 2009ರಲ್ಲಿ ಬಾಗಿಲು ಹಾಕಿ 2012ರಲ್ಲಿ ಅದನ್ನು ಕೆಡಹಿದರು. ಮರದ ಪರವಾಗಿ ವಾದಿಸುವ ನಾನು ಇದನ್ನು ಮರೆಮಾಚಲಾರೆ. ಆದರೆ 2013ರಲ್ಲಿ ಉಕ್ಕಿನ ಹಳಿಯ ಹೊಸ ಟೆಕ್ಸಾಸ್ ಜೈಂಟಿನಿಂದ ಹೆಂಗಸೊಬ್ಬಳು ಹೊರಬಿದ್ದು ಸತ್ತಳು. ಅಲ್ಲಿ ಕುಲುಕಾಟವಿರಲಿಲ್ಲ, ಹಳಿ ನುಣುಪಾಗಿತ್ತು. ವೃದ್ಧರ ಮಾತನ್ನು ಆಗ ನಾನು ತಿದ್ದಿಕೊಂಡೆ: ಮರ ಕೂಗುವುದು ನಿಜ, ಕೇಳುವ ಕಿವಿಯೊಂದು ಬುಡದಲ್ಲಿ ಕುಳಿತಿದ್ದರೆ. ಕಿವಿಯಿಲ್ಲದ ಕಡೆ ಮರವೇನು, ಕಬ್ಬಿಣವೇನು?

ಮೆಲ್ಬರ್ನಿನ ಲೂನಾ ಪಾರ್ಕಿನಲ್ಲಿ 1912ರ ಮರದ ಕೋಸ್ಟರ್ ಒಂದಿದೆ. ಅದರ ಗಾಡಿಗಳ ನಡುವೆ ಒಬ್ಬ ಆಳು ನಿಂತೇ ಹೋಗುತ್ತಾನೆ. ಅವನ ಕೈಯಲ್ಲಿ ಬ್ರೇಕು. ಯಾವ ತಿರುವಿನಲ್ಲಿ ಎಷ್ಟು ತಡೆಯಬೇಕು, ಈ ದಿನದ ಗಾಳಿಗೆ, ಈ ಸವಾರಿಯ ತೂಕಕ್ಕೆ ಎಷ್ಟು ಬಿಡಬೇಕು ಎಂಬುದು ಅವನ ಮುಂಗೈಗೆ ಗೊತ್ತು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ತೊಟ್ಟಿಲು ತಳ್ಳುವವನು. ಅವನು ಟಿಕೀಟು ಕೊಂಡವರನ್ನೆಲ್ಲ ಬಂದಂತೆ ಹತ್ತಿಸುತ್ತಿರಲಿಲ್ಲ. ಒಂದು ಪೆಟ್ಟಿಗೆಯಲ್ಲಿ ದಪ್ಪ ಸಾಹುಕಾರರು ಕುಳಿತರೆ ಎದುರು ಪೆಟ್ಟಿಗೆಗೆ ಮೂರು ಹುಡುಗರನ್ನು ತುಂಬುವನು. ತೂಕ ಸರಿಹೋಗದಿದ್ದರೆ ದಾರಿಯಲ್ಲಿ ಹೋಗುವ ಬಡಹುಡುಗನನ್ನು ಕರೆದು ಪುಕ್ಕಟೆ ಕೂರಿಸುವನು. ನನ್ನ ಮೊದಲ ನಾಲ್ಕಾರು ಸವಾರಿಗಳು ಹೀಗೆ ಸಾಹುಕಾರರ ಮೈತೂಕದ ಪ್ರಸಾದ. ಸಂತೆಯ ಕಾಳಿನ ತಕ್ಕಡಿಯಂತೆ ಅವನು ಮನುಷ್ಯರನ್ನು ಕಣ್ಣಿನಿಂದಲೇ ತೂಗುತ್ತಿದ್ದ. ಆ ಲೆಕ್ಕ ತಪ್ಪಿದ ದಿನ ತೊಟ್ಟಿಲು ಅವನ ಕೈ ಮೀರುತ್ತದೆ. ಎದುರಾಗಿ ನಿಲ್ಲಬೇಕಾದವನೂ ಅವನೇ.

ಅಮೆರಿಕದವರು ಎಲ್ಲವನ್ನೂ ಕೆಡಹಿಲ್ಲ. ಪೆನ್ಸಿಲ್ವೇನಿಯದ ಅಲ್ಟೂನದಲ್ಲಿ 1902ರ ಲೀಪ್ ದ ಡಿಪ್ಸ್ ಎಂಬುದು 1985ರಲ್ಲಿ ನಿಂತುಹೋಗಿತ್ತು. ಜನ ಅದನ್ನು ಬಿಡಲಿಲ್ಲ. 1996ರಲ್ಲಿ ರಾಷ್ಟ್ರೀಯ ಸ್ಮಾರಕದ ಮನ್ನಣೆ ಸಿಕ್ಕಿತು, 1999ರಲ್ಲಿ ಮತ್ತೆ ಓಡಿತು. ಕೋನಿ ಐಲೆಂಡಿನ 1927ರ ಸೈಕ್ಲೋನನ್ನು ನ್ಯೂಯಾರ್ಕ್ ನಗರ 1988ರಲ್ಲಿ ತನ್ನ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಇವುಗಳಲ್ಲಿ ಮೊದಲ ದಿನದ ಹಲಗೆ ಎಷ್ಟು ಉಳಿದಿವೆ ಎಂದು ಕೇಳಿದರೆ ಪುರಾತತ್ತ್ವದವರು ಮುಜುಗರಪಟ್ಟಾರು. ವರ್ಷ ವರ್ಷ ಬದಲಿಸಿದ್ದರಿಂದಲೇ ತಾನೆ ಅವು ಉಳಿದದ್ದು?

ಇದು ನಮಗೆ ಹೊಸ ಮಾತಲ್ಲ. ನಮ್ಮ ತೇರುಗಳನ್ನು ನೋಡಿ. ಗಾಲಿ ಸವೆದರೆ ಗಾಲಿ ಹೊಸದು, ಅಚ್ಚು ಬಿರಿದರೆ ಅಚ್ಚು ಹೊಸದು. ತೇರು ಮಾತ್ರ ಅದೇ ತೇರು. ಅದಕ್ಕೆ ಜೀರ್ಣೋದ್ಧಾರವೆಂಬ ಘನವಾದ ಹೆಸರುಂಟು, ಚಂದಾ ಉಂಟು, ಮುಜರಾಯಿ ಇಲಾಖೆ ಉಂಟು. ಚಾಮರಾಜನಗರದ ಚಾಮರಾಜೇಶ್ವರನ ತೇರು 2017ರಲ್ಲಿ ಬೆಂಕಿಗೆ ತುತ್ತಾದಾಗ ಆಷಾಢದ ರಥೋತ್ಸವವೇ ವರ್ಷಗಟ್ಟಲೆ ನಿಂತಿತು. ಹೊಸ ತೇರು ಸಿದ್ಧವಾಗಿ 2022ರಲ್ಲಿ ಮತ್ತೆ ಎಳೆದರು. ಅದೇ ಬೀದಿಯ ಕೊನೆಯಲ್ಲಿ ಮಕ್ಕಳನ್ನು ಹೊತ್ತು ತಿರುಗುತ್ತಿದ್ದ ತೊಟ್ಟಿಲಿಗೆ ಮುಪ್ಪು ಬಂದರೆ ಯಾರು ಚಂದಾ ಎತ್ತುತ್ತಾರೆ? ದೇವರು ಕುಳಿತದ್ದು ತೇರಾಯಿತು, ಮಕ್ಕಳು ಕುಳಿತದ್ದು ಸೌದೆಯಾಯಿತು.

ಸೌದೆ ಎಂದದ್ದು ಅಲಂಕಾರಕ್ಕಲ್ಲ. ಹಳೆಯ ತೊಟ್ಟಿಲು ಏನಾಯಿತೆಂದು ಆ ವೃದ್ಧರನ್ನು ಕೇಳಿದೆ. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಹಸಿವು ಎಲ್ಲರಿಗೂ ತಿಳಿದದ್ದೇ. ಕಂಬಗಳೆರಡು ಜೊತೆಯೂ ಒಂದು ಬ್ಯಾರನ್ನಿನ ಒಲೆಗೆ ಹೋದುವಂತೆ. ತೋಳುಗಳು ಮಾತ್ರ ಯಾರದೋ ಕೊಟ್ಟಿಗೆಯ ಮಾಡಿಗೆ ತೊಲೆಯಾಗಿವೆ. “ಅಚ್ಚು ನಮ್ಮನೇಲೈತೆ ಸ್ವಾಮಿ, ಕೊಡ್ಲಿಲ್ಲ. ಅದು ಹೊನ್ನೆ,” ಎಂದರು. ಕೊಡದಿದ್ದುದಕ್ಕೆ ಬೇರೆ ಕಾರಣ ಹೇಳಲಿಲ್ಲ.

ಮೈಸೂರಿನ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯದಲ್ಲಿ ಇಂಥದೊಂದು ತೊಟ್ಟಿಲನ್ನು ನಿಲ್ಲಿಸಬಹುದಲ್ಲ ಎಂದು ಗೆಳೆಯರೊಬ್ಬರು ಸೂಚಿಸಿದರು. ಬೇಡವೆನ್ನಲಾರೆ. ಆದರೆ ತಿರುಗದ ತೊಟ್ಟಿಲು ಮೀಸೆಗೆ ಬಣ್ಣ ಬಳಿದ ಶವದಂತೆ. ನನ್ನ ಆಸೆ ಇನ್ನೂ ಚಿಕ್ಕದು: ಶಿವರಾತ್ರಿಯಿಂದ ಹಿಡಿಯುವ ಕಪ್ಪಡಿಯ ಜಾತ್ರೆಯಲ್ಲೋ, ಪಿರಿಯಾಪಟ್ಟಣದ ಮಸಣೀಕಮ್ಮನ ಹಬ್ಬದಲ್ಲೋ, ಪಂಚಾಯಿತಿಯವರು ಒಂದೇ ಒಂದು ಮರದ ತೊಟ್ಟಿಲಿಗೆ ಬಾಡಿಗೆಯಿಲ್ಲದ ಜಾಗ ಕೊಡಲಿ, ತೇರಿನ ಗಾಲಿ ತಟ್ಟಿ ನೋಡುವ ಬಡಗಿಯೇ ಅದರ ಅಚ್ಚನ್ನೂ ತಟ್ಟಿ ನೋಡಲಿ, ಅವನಿಗೂ, ತಳ್ಳುವವನಿಗೂ ವರ್ಷಕ್ಕೆ ಇಷ್ಟೆಂದು ಸಂಬಳ ಗೊತ್ತುಮಾಡಲಿ. ತೋಳು ಹೊಸದಾಗಲಿ, ಕಂಬ ಹೊಸದಾಗಲಿ, ಬೇಕಾದರೆ ಅಚ್ಚಿನ ಮೂತಿಗೆ ಕಬ್ಬಿಣದ ಬಳೆಯೂ ಬರಲಿ, ನನ್ನ ಆಕ್ಷೇಪಣೆಯಿಲ್ಲ. ಇದಕ್ಕೆ ತಗಲುವ ಖರ್ಚು ಜಾತ್ರೆಯ ಸ್ವಾಗತದ ಫಲಕಗಳಿಗೆ ಆಗುವುದಕ್ಕಿಂತ ಹೆಚ್ಚಾಗಲಾರದು. ಆ ಫಲಕಗಳಲ್ಲಿ ಮಾತ್ರ ಯಾವ ಮಗುವೂ ಕೂತು ತಿರುಗಲಾರದು.

ಸಂಜೆಯಾಗುತ್ತಿತ್ತು. ಚಕ್ರದ ಮುಂದೆ ಮಕ್ಕಳು ಸಾಲುಗಟ್ಟಿದ್ದರು. ಮಾಲೀಕನ ಹುಡುಗ ಅವಸರಪಡಿಸುತ್ತಿದ್ದ. ವೃದ್ಧರು ಕೈಯೆತ್ತಿ ಜನರೇಟರ್ ನಿಲ್ಲಿಸಲು ಹೇಳಿದರು. ಆಮೇಲೆ ಇಬ್ಬರು ಆಳುಗಳ ಸಹಾಯದಿಂದ ಬರಿದಾದ ಚಕ್ರವನ್ನು ಕೈಯಿಂದಲೇ ಮೆಲ್ಲನೆ ತಿರುಗಿಸಿ, ಕಂಬಕ್ಕೆ ಕಿವಿಯಿಟ್ಟು ನಿಂತರು. ಒಂದು ಸುತ್ತು. ಇನ್ನೊಂದು ಸುತ್ತು. ಹುಡುಗ ಗೊಣಗಿದ. ಅವರು ಕಣ್ಣು ಮುಚ್ಚಿಯೇ ಇದ್ದರು. ಮೂರನೆಯ ಸುತ್ತಿಗೆ ಅವರು ತಲೆಯಾಡಿಸಿದ ಮೇಲೆ ನಾನೂ ಹೋಗಿ ಒಂದು ಟಿಕೀಟು ಕೊಂಡೆ.