ಪಾರ್ಶ್ವವಾಯುವಿನ ಮೊದಲ ಗಳಿಗೆ

ಶರೀರದ ತೂಕದಲ್ಲಿ ಶೇಕಡ 2ರಷ್ಟೇ ಇರುವ ಮಿದುಳು ಪ್ರಾಣವಾಯುವಿನಲ್ಲಿ ಶೇಕಡ 20ರಷ್ಟನ್ನು ತಾನೊಂದೇ ಬಳಸಿಕೊಳ್ಳುವುದಾದರೂ, ಅದನ್ನು ಕೂಡಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲವಾದುದರಿಂದ, ರಕ್ತನಾಳವೊಂದು ಹೆಪ್ಪುಗಟ್ಟಿ ಮುಚ್ಚಿದೊಡನೆ ಅಥವಾ ಒಡೆದೊಡನೆ ಆ ಭಾಗದ ಜೀವಕೋಶಗಳು ನಶಿಸತೊಡಗುತ್ತವೆ. ಜನರು ಲಕ್ವವೆನ್ನುವ ವ್ಯಾಧಿಯ ಮೂಲವಿದು. ಸೋತದ್ದು ಕೈಕಾಲೆಂದು ಬಗೆದು ಎಣ್ಣೆ ತಿಕ್ಕುವುದು, ಪಾರಿವಾಳದ ರಕ್ತ ಸವರುವುದು, ನಾಟಿ ಔಷಧಿಗೆಂದು ದೂರದೂರಿಗೆ ಕರೆದೊಯ್ಯುವುದು, ಇವೆಲ್ಲ ಮಮತೆಯಿಂದಲೇ ನಡೆಯುವುವಾದರೂ, ರೋಗವಿರುವುದು ತಲೆಯೊಳಗಾದ್ದರಿಂದ ಚಿಕಿತ್ಸೆಗೆ ಒದಗಬೇಕಾದ ಕಾಲ ಮಾತ್ರ ಕಳೆದುಹೋಗುತ್ತದೆ.

ಗುರುತಿಸುವುದು ಕಷ್ಟವಲ್ಲ. ನಗಲು ಹೇಳಿದರೆ ಬಾಯಿ ಒಂದು ಕಡೆಗೆ ವಾಲುತ್ತದೆ. ಕಣ್ಣು ಮುಚ್ಚಿ ಎರಡು ಕೈಗಳನ್ನೂ ಮುಂದಕ್ಕೆ ಚಾಚಿ ಹಿಡಿಯಲು ಹೇಳಿದರೆ, ಒಂದು ಕೈ ನೆಟ್ಟಗೆ ನಿಂತಿರುವಾಗಲೇ ಇನ್ನೊಂದರ ಅಂಗೈ ಮೆಲ್ಲನೆ ಒಳಕ್ಕೆ ಹೊರಳಿ ಕೆಳಗಿಳಿಯುತ್ತದೆ. ಸರಳವಾದೊಂದು ವಾಕ್ಯವನ್ನು ಹೇಳಿಸಿದರೆ ನಾಲಗೆ ತೊದಲುತ್ತದೆ. ಹಠಾತ್ತನೆ ದೃಷ್ಟಿ ಮಸುಕಾಗುವುದು, ನಡೆ ತೂರಾಡುವುದು, ಹಿಂದೆಂದೂ ಬಾರದಂತಹ ತಲೆನೋವು ಬರುವುದು ಕೂಡ ಲಕ್ಷಣಗಳೇ. ಮಿದುಳಿನ ಬಲಭಾಗಕ್ಕೆ ಘಾತವಾದ ರೋಗಿಯು, ಎಡಗೈ ಜೋತುಬಿದ್ದಿದ್ದರೂ, ‘ನನಗೇನೂ ಆಗಿಲ್ಲ, ಸುಮ್ಮನಿರಿ’ ಎಂದು ಮನಃಪೂರ್ವಕವಾಗಿಯೇ ಹೇಳುವುದುಂಟು. ಆ ಮಾತನ್ನು ನಂಬಿ ಕುಳಿತುಕೊಳ್ಳಲಾಗದು.

ಈ ಲಕ್ಷಣಗಳಲ್ಲಿ ಒಂದೇ ಕಂಡರೂ ಕೂಡಲೇ 108ಕ್ಕೆ ಕರೆಮಾಡಿ, ಲಕ್ವದ ಶಂಕೆಯೆಂದು ಸ್ಪಷ್ಟವಾಗಿ ತಿಳಿಸಬೇಕು. ನುಂಗುವ ಶಕ್ತಿ ಕುಂದಿರುವುದರಿಂದ ಬಾಯಿಗೆ ಹಾಕಿದ ಗುಟುಕು ನೀರೂ ಶ್ವಾಸಕೋಶಕ್ಕೆ ಇಳಿಯಬಹುದು. ಆದುದರಿಂದ ನೀರು, ಕಾಫಿ, ಮಾತ್ರೆ ಯಾವುದೂ ಕೂಡದು. ಹೃದಯಾಘಾತಕ್ಕೆ ಕೊಡುವ ಆಸ್ಪಿರಿನ್ ಮಾತ್ರೆಯೂ, ನಾಳ ಒಡೆದಿದ್ದ ಪಕ್ಷದಲ್ಲಿ, ರಕ್ತಸ್ರಾವವನ್ನು ಹೆಚ್ಚಿಸೀತು. ಅಂಗಿಯ ಗುಂಡಿ ಸಡಿಲಿಸಿ, ಮಂಪರು ಅಥವಾ ವಾಂತಿಯಿದ್ದರೆ ಮಗ್ಗುಲಾಗಿ ಮಲಗಿಸಿ, ಉಸಿರಾಟವನ್ನು ಗಮನಿಸುತ್ತಿರಬೇಕು. ಅದು ನಿಂತರೆ ಎದೆಯೊತ್ತುವುದನ್ನು ಆರಂಭಿಸತಕ್ಕದ್ದು.

ರೋಗಿಯು ಕೊನೆಯ ಬಾರಿ ಚೆನ್ನಾಗಿದ್ದುದನ್ನು ಕಂಡ ಹೊತ್ತನ್ನು ಬರೆದಿಡುವುದು ಪ್ರಥಮಚಿಕಿತ್ಸೆಯಷ್ಟೇ ಮುಖ್ಯವೆಂದು ನಾನು ಭಾವಿಸುತ್ತೇನೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ, ಅದೂ ಸಿ.ಟಿ. ಸ್ಕ್ಯಾನಿನಲ್ಲಿ ರಕ್ತಸ್ರಾವವಿಲ್ಲವೆಂದು ಕಂಡ ಮೇಲೆಯೇ, ಕೊಡುವುದು. ನಿದ್ದೆಯಲ್ಲಿ ಲಕ್ವ ಹೊಡೆದವರ ವಿಷಯದಲ್ಲಿ ಲೆಕ್ಕ ಎದ್ದ ಹೊತ್ತಿನಿಂದಲ್ಲ, ಹಿಂದಿನ ರಾತ್ರಿ ಸ್ವಸ್ಥರಾಗಿ ಮಲಗಿದ ಹೊತ್ತಿನಿಂದ ನಡೆಯುತ್ತದೆ. ಆಯ್ದ ಕೆಲವರಲ್ಲಿ ನಾಳದೊಳಗೆ ಕೊಳವೆ ತೂರಿಸಿ ಹೆಪ್ಪನ್ನೇ ತೆಗೆಯುವ ಚಿಕಿತ್ಸೆಗೆ 24 ಗಂಟೆಗಳವರೆಗೂ ಅವಕಾಶವುಂಟು. ಹೊತ್ತು ಮೀರಿತೆಂದು ಮನೆಯಲ್ಲೇ ಉಳಿಯುವುದು ಸಲ್ಲದು. ರಾತ್ರಿಯಲ್ಲಿಯೂ ಸ್ಕ್ಯಾನ್ ನಡೆಯುವ ಆಸ್ಪತ್ರೆ ತಮ್ಮ ತಾಲ್ಲೂಕಿನ ಸಮೀಪದಲ್ಲಿ ಎಲ್ಲಿದೆಯೆಂಬುದನ್ನು ರಕ್ತದೊತ್ತಡ, ಸಕ್ಕರೆ ಕಾಯಿಲೆಯಿರುವವರ ಮನೆಯವರು ಮುಂಚಿತವಾಗಿಯೇ ವಿಚಾರಿಸಿಟ್ಟುಕೊಳ್ಳಲಿ.

ಕೆಲವೊಮ್ಮೆ ಕೈ ಸೋತು, ಹತ್ತಿಪ್ಪತ್ತು ನಿಮಿಷಗಳಲ್ಲಿ ತಾನಾಗಿಯೇ ಸರಿಹೋಗುವುದುಂಟು. ಮನೆಯವರು ದೇವರು ಕಾಪಾಡಿದನೆಂದು ನೆಮ್ಮದಿಪಡುವ ಆ ಹೊತ್ತಿನ ಮುಂದಿನ ಎರಡು ದಿನಗಳಲ್ಲಿಯೇ ಪೂರ್ಣ ಲಕ್ವದ ಭಯ ಅತ್ಯಧಿಕವಾಗಿರುವುದರಿಂದ, ಅಂಥವರನ್ನೂ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕು.