ಕಣ್ಣಿಗೆ ಕಾಣದ ಕಣ, ಎದೆಗೂಡಿನ ಲೆಕ್ಕ

ಮೂಡಲಗಿ ತಾಲೂಕಿನ ಮಸಗುಪ್ಪಿ ಕಡೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯೋದು ರವದಿ. ಕಡ್ಡಿ ಗೀರಿದರೆ ಮುಗೀತು, ಹೊಲ ಸ್ವಚ್ಛ. ಬೂದಿ ಹಾರುತ್ತೆ, ಕಣ್ಣು ಉರಿಯುತ್ತೆ, ಮುಖ ತೊಳೆದು ಮನೆಗೆ ಹೋಗ್ತೀವಿ. ಆದರೆ ಈ ಹೊಗೆಯಲ್ಲಿ ಕಣ್ಣಿಗೆ ಬೀಳದ ಕಣಗಳೂ ಇವೆ. ಇವತ್ತಿನ ಮಾತು ಅವುಗಳದ್ದು.

ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿ. ಅದರಲ್ಲಿ ಒಂದು ಭಾಗವೇ ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ನ್ಯಾನೊ ಕಣದ ಅಳತೆ 100 ಅಥವಾ ಅದಕ್ಕಿಂತ ಕಡಿಮೆ.

ದಪ್ಪ ಧೂಳನ್ನು ಮೂಗಿನ ಕೂದಲು, ಸಿಂಬಳ ತಡೆಯುತ್ತವೆ. ಇಷ್ಟು ಸಣ್ಣ ಕಣಗಳಲ್ಲಿ ಅನೇಕವು ಶ್ವಾಸಕೋಶದ ತುದಿಯ ಗಾಳಿಚೀಲದವರೆಗೂ ಹೋಗುತ್ತವೆ. ಅಲ್ಲಿ ಕಾವಲು ಕೋಶಗಳಿವೆ, ಬಂದದ್ದನ್ನು ನುಂಗಿ ಸಾಗಹಾಕುತ್ತವೆ. ಕರಗುವ ಕಣವಾದರೆ ಕರಗಿ ಹೋಯಿತು. ಕರಗದೆ, ಸೂಜಿಯಂತೆ ಉದ್ದವಾಗಿ ಗಟ್ಟಿಯಾಗಿದ್ದರೆ? ಕಾವಲು ಕೋಶಕ್ಕೆ ನುಂಗಲೂ ಆಗದು, ಬಿಡಲೂ ಆಗದು. ಉರಿಯೂತ ಆರುವುದೇ ಇಲ್ಲ. ಪಕ್ಕದ ಕೋಶಗಳ ಡಿಎನ್‌ಎಗೆ ಪೆಟ್ಟು ಬೀಳುತ್ತೆ. ಗಾಯ ಮಾಯಿಸಲು ಕೋಶಗಳು ಮತ್ತೆ ಮತ್ತೆ ವಿಭಜನೆಯಾಗುತ್ತವೆ, ತಪ್ಪುಗಳು ಸೇರುತ್ತವೆ. ವರ್ಷಗಳ ನಂತರ ಅದು ಕ್ಯಾನ್ಸರ್ ಆಗಬಹುದು. ಆಸ್ಬೆಸ್ಟಾಸ್ ಎಳೆ ಮಾಡಿದ್ದೂ ಬಹುಮಟ್ಟಿಗೆ ಇದನ್ನೇ.

ಹಾಗಾದರೆ ನ್ಯಾನೊ ಅಂದರೆ ಕ್ಯಾನ್ಸರಾ? ಅಲ್ಲ, ಗಾಬರಿ ಬೇಡ. 2014ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಾರ್ಬನ್ ನ್ಯಾನೊಟ್ಯೂಬ್‌ಗಳನ್ನು ಪರಿಶೀಲಿಸಿತು. ಒಂದೇ ಒಂದು ಬಗೆಯನ್ನು ಮಾತ್ರ ಕ್ಯಾನ್ಸರ್ ತರುವ ಸಾಧ್ಯತೆಯ ಪಟ್ಟಿಗೆ ಸೇರಿಸಿತು. ಅದಕ್ಕೂ ಆಧಾರ ಪ್ರಾಣಿಗಳ ಮೇಲಿನ ಪ್ರಯೋಗ. ಮನುಷ್ಯರಲ್ಲಿ ಸಾಬೀತಾಗಿರಲಿಲ್ಲ. ಆದರೆ ಅದೇ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು, 2013ರಲ್ಲಿ ಹೊರಗಿನ ವಾಯುಮಾಲಿನ್ಯವನ್ನು ಕ್ಯಾನ್ಸರ್‌ಕಾರಕ ಅಂತ ಖಚಿತವಾಗಿಯೇ ಹೇಳಿದೆ. ಡೀಸೆಲ್ ಮಸಿಯಲ್ಲಿ ನ್ಯಾನೊ ಗಾತ್ರದ ಕಣಗಳಿಗೆ ಲೆಕ್ಕವೇ ಇಲ್ಲ.

ಇಫ್ಕೋ 2021ರಲ್ಲಿ ತಂದ ನ್ಯಾನೊ ಯೂರಿಯಾವನ್ನು ನಮ್ಮ ರೈತರು ಸಿಂಪಡಿಸುತ್ತಿದ್ದಾರೆ. ಹೆಸರಲ್ಲಿ ನ್ಯಾನೊ ಇದೆ ಅಂತ ಅದನ್ನೂ ಕಾರ್ಬನ್ ಸೂಜಿಯ ಸಾಲಿಗೆ ಸೇರಿಸಬೇಡಿ. ಯೂರಿಯಾ ನೀರಲ್ಲಿ ಕರಗುವ ವಸ್ತು. ಕೇಳಬೇಕಾದ ಪ್ರಶ್ನೆ ಮೂರು: ಗಾಳಿಯಲ್ಲಿ ಹಾರುತ್ತಾ? ಮೈಯಲ್ಲಿ ಕರಗುತ್ತಾ? ಆಕಾರ ಎಂಥದ್ದು?

ಹಾಗಂತ ಯಾವ ಸಿಂಪಡಣೆಯನ್ನೂ ಬರಿಮೂಗಲ್ಲಿ ಮಾಡಬೇಡಿ. ಮೂಗಿಗೆ ಸುತ್ತಿದ ಟವೆಲ್ ಸಣ್ಣ ಕಣ ತಡೆಯೋದಿಲ್ಲ, ಸರಿಯಾಗಿ ಕೂತ ಎನ್-95 ಮಾಸ್ಕ್ ಬಹುಪಾಲು ತಡೆಯುತ್ತೆ. ರವದಿಗೆ ಬೆಂಕಿ ಹಾಕೋ ಬದಲು ಪುಡಿ ಮಾಡಿ ಸಾಲಲ್ಲೇ ಬಿಡಿ. ನೆಲಕ್ಕೆ ತೇವ, ಮುಂದೆ ಗೊಬ್ಬರ.

ಆಸ್ಬೆಸ್ಟಾಸ್ ವಿಷಯದಲ್ಲಿ ಜಗತ್ತು ದಶಕಗಳ ಕಾಲ ಕಾದು ಕೂತಿತು. ಬೆಲೆ ತೆತ್ತವರು ಕಾರ್ಮಿಕರು. ಹೊಸ ಕಣಗಳ ವಿಷಯದಲ್ಲಾದರೂ ಪರೀಕ್ಷೆ ಮೊದಲು ಆಗಲಿ, ಮಾರಾಟ ಆಮೇಲೆ. ಕೂಲಿಯವನ ಎದೆಗೂಡು ಪ್ರಯೋಗಾಲಯ ಅಲ್ಲ.