ಕಥೋಲಿಕ ಶಾಲೆಯ ಒಂದನೆಯ ತರಗತಿ

ಮಗುವನ್ನು ಮೊಟ್ಟಮೊದಲು ಶಾಲೆಗೆ ಕಳುಹಿಸುವ ದಿನ ತಂದೆತಾಯಿಗಳ ಮನಸ್ಸಿನಲ್ಲಿ ಹಲವು ಪ್ರಶ್ನೆಗಳು ಏಳುವುದು ಸಹಜ. ಶಾಲೆಯು ಕಥೋಲಿಕರದಾಗಿ ಮನೆಯು ಬೇರೆ ಮತದ್ದಾಗಿದ್ದರೆ ಈ ಪ್ರಶ್ನೆಗಳಿಗೆ ಇನ್ನೊಂದು ಸೇರಿಕೊಳ್ಳುತ್ತದೆ: ಅಲ್ಲಿ ನಮ್ಮ ಮಗುವಿಗೆ ಅವರ ಮತವನ್ನೂ ಕಲಿಸುವರೋ? ಇಂಥ ಶಾಲೆಯ ಒಂದನೆಯ ತರಗತಿಯಲ್ಲಿ ಮಕ್ಕಳು ಕಲಿಯತಕ್ಕದ್ದೇನು, ಅದನ್ನು ಕಲಿಯುವಾಗ ಅವರಿಗೆ ಒದಗುವ ತೊಡಕು ಯಾವುದು, ಎಂಬುದನ್ನು ಇಂದು ವಿಚಾರಮಾಡೋಣ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳನ್ನು ನಮ್ಮ ದೃಷ್ಟಾಂತವಾಗಿ ಇಟ್ಟುಕೊಳ್ಳುತ್ತೇವೆ. ಈ ಸೀಮೆಯು ಕಥೋಲಿಕ ಧರ್ಮಸಭೆಯ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದುದು.

ಇದನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಮುಳಬಾಗಿಲು, ಶ್ರೀನಿವಾಸಪುರಗಳ ಪಕ್ಕದಲ್ಲಿ ಆಂಧ್ರದ ಗಡಿ. ಮಾಲೂರಿನ ಪಕ್ಕದಲ್ಲಿ ತಮಿಳುನಾಡಿನ ಹೊಸೂರು. ಇಲ್ಲಿನ ಅನೇಕಾನೇಕ ಮನೆಗಳಲ್ಲಿ ಆಡುವ ಮಾತು ತೆಲುಗು. ಕೆಲವು ಮನೆಗಳಲ್ಲಿ ತಮಿಳು. ಮುಸಲ್ಮಾನರ ಮನೆಗಳಲ್ಲಿ ದಖ್ಖನಿ ಉರ್ದು. ಕನ್ನಡವು ಅಂಗಡಿಬೀದಿಯಲ್ಲಿಯೂ ಕಛೇರಿಯಲ್ಲಿಯೂ ಎಲ್ಲರನ್ನೂ ಕೂಡಿಸುವ ನಾಡನುಡಿ. ದೊಡ್ಡವರು ಒಂದು ಮಾತಿನಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತಾರೆ. ಆರು ವರ್ಷದ ಮಗುವಿಗೆ ಆ ದಾಟು ಅಷ್ಟು ಸುಲಭವಲ್ಲ. ಶಾಲೆಯು ಇಂಗ್ಲಿಷ್ ಮಾಧ್ಯಮದ್ದಾಗಿದ್ದರಂತೂ ಮಗು ಒಂದೇ ವರ್ಷದಲ್ಲಿ ಎರಡು ಲಿಪಿಗಳನ್ನು ಎದುರಿಸಬೇಕು. ಆ ಎರಡೂ ಅದರ ಮನೆಮಾತಿನವಾಗದಿರಬಹುದು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಮೇರೆಗೆ ರಾಜ್ಯದ ಶಾಲೆಗಳಲ್ಲಿ, ಮಾಧ್ಯಮ ಯಾವುದೇ ಆಗಿರಲಿ, ಕನ್ನಡವನ್ನು ಒಂದು ಭಾಷೆಯಾಗಿ ಒಂದನೆಯ ತರಗತಿಯಿಂದ ಕಲಿಸಬೇಕೆಂದಾಗಿದೆ.

ಮೊದಲು ಅಕ್ಷರದ ಮಾತು. ಇಂದಿನ ವರ್ಣಮಾಲೆಯಲ್ಲಿ ಸ್ವರಗಳು 13, ಯೋಗವಾಹಗಳು 2, ವ್ಯಂಜನಗಳು 34, ಒಟ್ಟು 49. ನಮ್ಮ ಅಜ್ಜಂದಿರು ಇವನ್ನು ಕೂಲಿಮಠದ ಮರಳಿನ ಮೇಲೆ ಬೆರಳಿನಿಂದ ತಿದ್ದಿ, ಅಕಾರದಿಂದ ಳಕಾರದವರೆಗೆ ಸಾಲಾಗಿ ಬಾಯಿಪಾಠ ಮಾಡಿದವರು. ಈಗ ಆ ಸಾಲನ್ನು ಒಡೆದು ಕಲಿಸುವ ಕ್ರಮವೂ ಬಳಕೆಯಲ್ಲಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಆರಂಭವಾದ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ಮೊದಲು ಕಲಿಯುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು. ಐದು ಬಂದೊಡನೆ ಸರ, ದರ, ಅರಸ, ಅಗಸ ಎಂಬ ಮಾತುಗಳನ್ನು ಮಗು ತಾನೇ ಓದಬಲ್ಲದು. ಓದಿದುದಕ್ಕೆ ಅರ್ಥವಿದೆಯೆಂಬ ಸಂತೋಷ ಮೊದಲ ವಾರಗಳಲ್ಲಿಯೇ ಸಿಕ್ಕುತ್ತದೆ. ಈ ಪದ್ಧತಿಗೆ ಸ್ಫೂರ್ತಿ ದೊರೆತುದು ಶ್ರೀನಿವಾಸಪುರಕ್ಕೆ ದೂರವಲ್ಲದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿ ಶಾಲೆಯ ಪ್ರಯೋಗಗಳಿಂದ.

ಆದರೆ ಅರಸ ಎಂದರೆ ಯಾರು, ಅಗಸ ಎಂದರೆ ಯಾರು, ಎಂಬುದು ಮಗುವಿಗೆ ಮೊದಲೇ ಗೊತ್ತಿದ್ದರಲ್ಲವೇ ಆ ಸಂತೋಷ! ಗೊತ್ತಿಲ್ಲದ ಮಗುವಿಗೆ ಅಕ್ಷರವೂ ಹೊಸದು, ಮಾತೂ ಹೊಸದು. ಅದು ಅಕ್ಷರವನ್ನು ಸರಿಯಾಗಿ ಉಚ್ಚರಿಸಿ, ಅರ್ಥವಾಗದೆ ಸುಮ್ಮನೆ ಕುಳಿತುಬಿಡುತ್ತದೆ. ಉಪಾಧ್ಯಾಯರು ಅವಸರದವರಾದರೆ ಅದನ್ನು ಮಂದಬುದ್ಧಿಯೆಂದು ಎಣಿಸುವ ಅಪಾಯವುಂಟು. ಹಾಗೆ ಎಣಿಸಲ್ಪಟ್ಟ ಮಗು ಕ್ರಮೇಣ ತಾನೂ ಹಾಗೆಯೇ ನಂಬುತ್ತದೆ. ಒಂದನೆಯ ತರಗತಿಯಲ್ಲಿ ಆಗಬಹುದಾದ ಅತ್ಯಂತ ದೊಡ್ಡ ನಷ್ಟ ಇದೇ ಎಂದು ನಮ್ಮ ಅಭಿಪ್ರಾಯ.

ಮಕ್ಕಳು ಮಾಡುವ ತಪ್ಪುಗಳನ್ನು ಸ್ವಲ್ಪ ತಾಳ್ಮೆಯಿಂದ ನೋಡಿದರೆ ಅವುಗಳ ಮೂಲ ತಿಳಿಯುತ್ತದೆ. ತಮಿಳು ಲಿಪಿಯಲ್ಲಿ ಕ ಗ ಎರಡಕ್ಕೂ ಒಂದೇ ಅಕ್ಷರ. ತ ದ ಎರಡಕ್ಕೂ ಒಂದೇ. ಪ ಬ ಎರಡಕ್ಕೂ ಒಂದೇ. ಆ ಮಾತಿನಲ್ಲಿ ಬೆಳೆದ ಮಗು ಇವನ್ನು ಅದಲುಬದಲು ಮಾಡಿದರೆ ಆಶ್ಚರ್ಯವಿಲ್ಲ. ಉರ್ದು ಮನೆಯ ಮಗುವಿಗೆ ಖ, ಘ ಮೊದಲಾದ ಮಹಾಪ್ರಾಣಗಳು ಹುಟ್ಟಿನಿಂದಲೇ ನಾಲಗೆಗೆ ಒಲಿದಿವೆ. ಕನ್ನಡದ ಮನೆಯ ಮಕ್ಕಳಿಗೇ ಅವು ಕಷ್ಟ. ಆದರೆ ಣಕಾರ ಳಕಾರಗಳಲ್ಲಿ ಅದು ತಡವರಿಸೀತು. ತೆಲುಗಿನ ಮಗುವಿಗೆ ಒಂದು ಅನುಕೂಲ ಕಾದಿದೆ: ಕನ್ನಡ ಲಿಪಿಯೂ ತೆಲುಗು ಲಿಪಿಯೂ ಒಂದೇ ತಾಯಿಯ ಮಕ್ಕಳು. ಒಂದನ್ನು ಕಲಿತವರಿಗೆ ಮತ್ತೊಂದು ಬಹುಮಟ್ಟಿಗೆ ಬಂದಂತೆಯೇ ಸರಿ.

ಮಾತುಗಳಲ್ಲಿಯೂ ಇಂತಹುದೇ ನಂಟು ಉಂಟು. ತೆಲುಗಿನ ಪಾಲು, ತಮಿಳಿನ ಪಾಲ್, ಕನ್ನಡದ ಹಾಲು; ಅವೆರಡರ ಪುಲಿ, ನಮ್ಮ ಹುಲಿ; ತೆಲುಗಿನ ಪದಿ, ತಮಿಳಿನ ಪತ್ತು, ಕನ್ನಡದ ಹತ್ತು. ಹಳಗನ್ನಡದಲ್ಲಿ ನಮ್ಮವರೂ ಪಾಲ್, ಪುಲಿ, ಪತ್ತು ಎಂದೇ ಅನ್ನುತ್ತಿದ್ದರು. ಕಾಲಕ್ರಮದಲ್ಲಿ ಪಕಾರವು ಹಕಾರವಾಯಿತು. ಈ ಒಂದು ಸೂತ್ರವನ್ನು ಬಲ್ಲ ಉಪಾಧ್ಯಾಯಿನಿಯು ಪಾಲು ಎಂದ ಮಗುವನ್ನು ತಪ್ಪೆಂದು ಗದರಿಸುವುದಿಲ್ಲ. “ನಿಮ್ಮ ಮನೆಯಲ್ಲಿ ಪಾಲು, ಇಲ್ಲಿ ಹಾಲು, ಎರಡೂ ಬಿಳಿಯದೇ” ಎಂದು ನಕ್ಕು ಮುಂದಕ್ಕೆ ಹೋಗುತ್ತಾಳೆ. ಶ್ರೀನಿವಾಸಪುರದಲ್ಲಿ ಮಾವಿನ ಹಣ್ಣನ್ನು ನೋಡದ ಮಗುವಿರಲಾರದು. ಹಣ್ಣನ್ನು ಮೇಜಿನ ಮೇಲಿಟ್ಟು, ಮಾಮಿಡಿಪಂಡು ಎನ್ನುವವರು, ಮಾಂಬಳಂ ಎನ್ನುವವರು, ಆಮ್ ಎನ್ನುವವರು ಎಲ್ಲರೂ ತಮ್ಮ ತಮ್ಮ ಹೆಸರನ್ನು ಹೇಳಿದ ಮೇಲೆ, ಮಾವು ಎಂದು ಹಲಗೆಯ ಮೇಲೆ ಬರೆದರೆ, ಆ ಮಾ ಎಂಬ ಅಕ್ಷರ ಮರೆಯುವುದುಂಟೇ?

ಇನ್ನು ಲೆಕ್ಕ. ಈ ವರ್ಷದ ಕೆಲಸವೆಲ್ಲ ನೂರರೊಳಗೆ: ಎಣಿಸುವುದು, ಹೆಚ್ಚು ಕಡಿಮೆಗಳನ್ನು ತಿಳಿಯುವುದು, ಸಣ್ಣ ಸಂಖ್ಯೆಗಳನ್ನು ಕೂಡಿ ಕಳೆಯುವುದು. ಇಲ್ಲಿಯೂ ಭಾಷೆಯ ಕೈವಾಡವಿದೆ. ಇಪ್ಪತ್ತೊಂದು ಎಂಬ ಮಾತಿನಲ್ಲಿ ಇಪ್ಪತ್ತೂ ಒಂದೂ ಎದ್ದು ಕಾಣುತ್ತವೆ. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್ ಎಂಬುವುಗಳಲ್ಲಿ ಹತ್ತಾಗಲಿ ಒಂದೆರಡಾಗಲಿ ಮಗುವಿಗೆ ಕಾಣಿಸದು. ಉರ್ದುವಿನಲ್ಲಿ 29ಕ್ಕೆ ಉನ್ತೀಸ್, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಆದುದರಿಂದ ಹುಣಿಸೆಬೀಜವನ್ನೋ ಕಡ್ಡಿಯನ್ನೋ ಹತ್ತು ಹತ್ತಾಗಿ ಗುಂಪುಮಾಡಿಸಿ, ಸಂಖ್ಯೆಯನ್ನು ಕೈಗೆ ಕೊಟ್ಟು, ಅನಂತರ ಅದರ ಹೆಸರನ್ನು ಬಾಯಿಗೆ ಕೊಡುವುದೇ ಲೇಸು.

ಈಗ ಮತದ ಪ್ರಶ್ನೆಗೆ ಬರೋಣ. ಕಥೋಲಿಕ ಶಾಲೆಯ ದಿನವು ಸಾಮಾನ್ಯವಾಗಿ ಪ್ರಾರ್ಥನೆಯಿಂದ ಮೊದಲಾಗುತ್ತದೆ. ಕಥೋಲಿಕ ಮಕ್ಕಳು ಹಣೆ, ಎದೆ, ಎಡಭುಜ, ಬಲಭುಜಗಳನ್ನು ಮುಟ್ಟಿ ಶಿಲುಬೆಯ ಗುರುತನ್ನು ಹಾಕುವುದು, ಕ್ರಿಸ್ತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ, ನಮೋ ಮರಿಯಾ, ಇವನ್ನು ಈ ವಯಸ್ಸಿನಲ್ಲಿ ಕಲಿಯುತ್ತಾರೆ. ಇದಕ್ಕೂ ಒಂದು ಲೆಕ್ಕಾಚಾರವುಂಟು. ಏಳು ವರ್ಷ ತುಂಬಿದ ಮಗುವಿಗೆ ವಿವೇಕ ಬಂದಿರುವುದೆಂದು ಧರ್ಮಸಭೆಯ ಕಾನೂನು ಭಾವಿಸುತ್ತದೆ. ಸುಮಾರು ಆ ವಯಸ್ಸಿಗೇ ಪರಮಪ್ರಸಾದವನ್ನು ಕೊಡಬಹುದೆಂದು 10ನೆಯ ಭಕ್ತಿನಾಥ ಪೋಪರು 1910ರಲ್ಲಿ ವಿಧಿಸಿದರು. ಹೀಗೆ ಒಂದನೆಯ ತರಗತಿಯು ಆ ಹೊಸ್ತಿಲಿನ ಈಚೆಯ ವರ್ಷ. ಬೇರೆ ಮತದ ಮಕ್ಕಳಿಗೆ ಆ ವೇಳೆಯಲ್ಲಿ ನೀತಿಪಾಠವನ್ನು ಹೇಳುವುದು ವಾಡಿಕೆ.

ನಮ್ಮ ಸಂವಿಧಾನವು ಈ ವಿಷಯದಲ್ಲಿ ಎರಡು ಮಾತುಗಳನ್ನು ಹೇಳಿದೆ. 30ನೆಯ ಅನುಚ್ಛೇದವು ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. 28ನೆಯ ಅನುಚ್ಛೇದದ 3ನೆಯ ಖಂಡವು, ಸರ್ಕಾರದ ಮಾನ್ಯತೆಯನ್ನೋ ಸಹಾಯಧನವನ್ನೋ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆಯಿಲ್ಲದೆ ಮತಬೋಧನೆಗಾಗಲಿ ಉಪಾಸನೆಗಾಗಲಿ ಸೇರಿಸಕೂಡದೆಂದು ವಿಧಿಸಿದೆ. ಒಂದು ಹಕ್ಕು ಶಾಲೆಯದು, ಇನ್ನೊಂದು ಮನೆಯದು. ಪ್ರವೇಶದ ದಿನವೇ ತಂದೆತಾಯಿಗಳು ಇದನ್ನು ಮುಖ್ಯೋಪಾಧ್ಯಾಯಿನಿಯವರೊಡನೆ ಬಿಚ್ಚುಮನಸ್ಸಿನಿಂದ ಮಾತಾಡಿಕೊಂಡರೆ ಮುಂದೆ ಸಂಶಯಕ್ಕೆ ಎಡೆಯಿರದು.

ಧರ್ಮೋಪದೇಶದ ತರಗತಿಯಲ್ಲಿ ಹೇಳುವ ಕಥೆಗಳಲ್ಲಿ ಒಂದಂತೂ ಕುರಿ ಮೇಕೆಗಳ ನಡುವೆ ಬೆಳೆದ ಈ ಸೀಮೆಯ ಮಕ್ಕಳಿಗೆ ವಿವರಣೆಯಿಲ್ಲದೆ ತಿಳಿಯತಕ್ಕದ್ದು. ನೂರು ಕುರಿಗಳ ಒಡೆಯನೊಬ್ಬನು, ಒಂದು ತಪ್ಪಿಸಿಕೊಂಡಿತೆಂದು ತಿಳಿದು, ಉಳಿದ 99ನ್ನು ಬಿಟ್ಟು ಅದನ್ನು ಹುಡುಕಿಕೊಂಡು ಹೋದನೆಂದು ಸುವಾರ್ತೆಯ ಕಥೆ. ಲೆಕ್ಕದಲ್ಲಿ 99 ದೊಡ್ಡದು, ಒಂದು ಚಿಕ್ಕದು. ತರಗತಿಯಲ್ಲಿ ಮಾತು ಬಾರದೆ ಹಿಂದಿನ ಸಾಲಿನಲ್ಲಿ ಕುಳಿತ ಮಗುವಿನ ವಿಷಯದಲ್ಲಿ ಉಪಾಧ್ಯಾಯರು ಯಾವ ಲೆಕ್ಕವನ್ನು ಹಿಡಿಯಬೇಕೆಂಬುದಕ್ಕೆ, ಕೇಳುವವರ ಮತ ಯಾವುದೇ ಆಗಿರಲಿ, ಈ ಕಥೆಯಲ್ಲಿ ಉತ್ತರವಿದೆ.

ಈ ಪಾಠವು ಮಿಷನರಿಗಳ ಚರಿತ್ರೆಯಲ್ಲಿಯೂ ಉಂಟು. 17ನೆಯ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿಯವರು ಕನ್ನಡವನ್ನು ಕಲಿತು ಅದರಲ್ಲಿ ಧರ್ಮೋಪದೇಶವನ್ನು ಬರೆದರು. 1861ರಲ್ಲಿ ಬೆಂಗಳೂರಿನಲ್ಲಿ ಲ್ಯಾಟಿನ್–ಕನ್ನಡ ನಿಘಂಟು ಅಚ್ಚಾಯಿತು. ಕಲಿಸಲು ಬಂದವರು ಮೊದಲು ತಾವೇ ಒಂದನೆಯ ತರಗತಿಯಲ್ಲಿ ಕುಳಿತು ಅ ಆ ಇ ಈ ತಿದ್ದಿದರೆಂದಾಯಿತು. ಇಂದು ದೂರದೂರಿನಿಂದ ಬಂದ ಸಿಸ್ಟರೊಬ್ಬರು ಮುಳಬಾಗಿಲಿನ ಮಕ್ಕಳಿಗಾಗಿ ನಾಲ್ಕು ತೆಲುಗು ಮಾತುಗಳನ್ನು ಕಲಿತರೆ ಅದು ಹೊಸ ಸಂಪ್ರದಾಯವೇನೂ ಆಗದು.

ಮನೆಮಾತು ಬೇರೆಯಾದರೆ ಮಗು ಕನ್ನಡದಲ್ಲಿ ಹಿಂದುಳಿದೀತೆಂದು ಅಂಜಬೇಕಾದುದಿಲ್ಲ. ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು; 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂದುದು ಕನ್ನಡದ ಬರವಣಿಗೆಗಾಗಿ. ಎಲ್ಲ ಮಕ್ಕಳೂ ಮಾಸ್ತಿಯವರಾಗಬೇಕಿಲ್ಲ. ಸಂಜೆ ಮನೆಗೆ ಬಂದ ಮಗುವನ್ನು “ಇಂದು ಎಷ್ಟು ಮಾರ್ಕು?” ಎಂದು ಕೇಳುವುದರ ಬದಲು, “ಇಂದು ಶಾಲೆಯಲ್ಲಿ ನೀನು ಏನು ಮಾತಾಡಿದೆ?” ಎಂದು ತಂದೆತಾಯಿಗಳು ತಮ್ಮ ಮನೆಮಾತಿನಲ್ಲಿಯೇ ಕೇಳಲಿ. ಉತ್ತರವಾಗಿ ಮಗು ಒಂದು ಹೊಸ ಮಾತನ್ನು ಹೇಳಿ, ಅದಕ್ಕೆ ಮನೆಯಲ್ಲಿ ಏನೆನ್ನುವರೆಂದು ತಿರುಗಿ ಕೇಳಿದರೆ, ಒಂದನೆಯ ತರಗತಿಯ ಕಲಿಕೆ ಸರಿಯಾದ ದಾರಿಯಲ್ಲಿದೆಯೆಂದು ತಿಳಿಯಬಹುದು.